ಹದಿಹರೆಯದ ಕಥೆಗಳಲ್ಲಿ ಶಿಕ್ಷೆ ಯಾರಿಗೆ?

ಹದಿಹರೆಯದವರ ಕಾದಂಬರಿಗಳಲ್ಲಿ ದೇಹದ ಆಸೆಗೆ ಓಗೊಟ್ಟ ಹುಡುಗಿ ಗರ್ಭಿಣಿಯಾಗುವುದೋ, ಸಾಯುವುದೋ, ಊರು ಬಿಡುವುದೋ ಏಕೆ ಅನಿವಾರ್ಯ ಎಂದು ಧಾರವಾಡದ ನಮ್ಮ ಓದುಗರ ಬಳಗದ ಕಾಲೇಜು ಹುಡುಗಿಯರು ಕೇಳುತ್ತಾರೆ. ಅಮೆರಿಕದ ಲೇಖಕಿ ಜೂಡಿ ಬ್ಲೂಮ್ ಅವರ ಕಾದಂಬರಿ ‘ಫಾರೆವರ್’ (1975) ಹುಟ್ಟಿದ್ದೂ ಇಂಥದೇ ಮಾತಿನಿಂದ: ಪ್ರೀತಿಸಿ ಕೂಡಿದವರಲ್ಲಿ ಯಾರೂ ಸಾಯದ ಕಥೆಯೊಂದು ಬೇಕೆಂದು ಅವರ ಮಗಳೇ ಕೇಳಿದ್ದಳು. ಅದರ ನಾಯಕಿ ಕ್ಲಿನಿಕ್ಕಿಗೆ ಹೋಗಿ ಗರ್ಭನಿರೋಧಕ ಪಡೆಯುತ್ತಾಳೆ. ಮುಂದೆ ಆ ಪ್ರೀತಿ ಮುಗಿಯುತ್ತದೆ, ಬದುಕು ಮುಗಿಯುವುದಿಲ್ಲ. ಎಷ್ಟೋ ಶಾಲಾ ಗ್ರಂಥಾಲಯಗಳು ಆ ಪುಸ್ತಕವನ್ನು ಕಪಾಟಿನಿಂದ ತೆಗೆದವು.

ನಮ್ಮಲ್ಲಿ ಪರಿಣಾಮದ ಚಿತ್ರಣ ಬೇರೆಯಾಗಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರ ಒಪ್ಪಿಗೆಗೆ ಮಾನ್ಯತೆಯಿಲ್ಲ. ಹುಡುಗಿಯ ಮನೆಯವರು ಠಾಣೆಯ ಮೆಟ್ಟಿಲೇರಿದರೆ ಅವಳು ಪ್ರೀತಿಸಿದ ಹುಡುಗ ಆರೋಪಿಯಾಗುತ್ತಾನೆ. ಇದನ್ನು ಲೇಖಕರು ಮರೆಮಾಚದೆ ಬರೆಯಬೇಕು. ಅಪರಾಧಿ ಭಾವದ ಮಾತು ಬೇರೆ. ಅದು ಪಾತ್ರದ ಒಳಗಿನಿಂದ ಹುಟ್ಟಬೇಕೇ ಹೊರತು, ‘ಮಂದಿ ಏನಂದಾರು’ ಎಂಬ ಅಂಜಿಕೆಗೆ ಆತ್ಮಸಾಕ್ಷಿಯ ವೇಷ ತೊಡಿಸಬಾರದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಲ್ಲದವಳ ಮೇಲೆ ನಡೆದ ಬಲವಂತವನ್ನೂ ಇಬ್ಬರೂ ಬಯಸಿದ ಸಾಮೀಪ್ಯವನ್ನೂ ಒಂದೇ ‘ತಪ್ಪು’ ಎಂದು ಕರೆದು, ಎರಡಕ್ಕೂ ಹುಡುಗಿಯಿಂದಲೇ ಕಣ್ಣೀರು ಹಾಕಿಸುವ ಕಥೆಗಳು. ಅಂಥವನ್ನು ಓದಿ ಬೆಳೆದವಳು ತನಗಾದ ಅನ್ಯಾಯವನ್ನು ಹೆತ್ತ ತಾಯಿಗೂ ಹೇಳಲು ಹಿಂಜರಿಯುತ್ತಾಳೆ.