ತಡಮ್ಮೆಯ ಆಚೆಗಿನ ದಾರಿ

ನಮ್ಮ ಕಡೆ ತೋಟಕ್ಕೆ ಹೋಗುವ ದಾರಿಯಲ್ಲಿ ತಡಮ್ಮೆ ಇರುತ್ತದೆ. ಎರಡು ಕಂಬ, ಅಡ್ಡಕ್ಕೆ ಒಂದೆರಡು ಬಿದಿರು, ಅಷ್ಟೆ. ಮನುಷ್ಯರು ಕಾಲೆತ್ತಿ ದಾಟುತ್ತಾರೆ. ದನ ದಾಟುವುದಿಲ್ಲ. ಚಿಕ್ಕಂದಿನಿಂದ ದಿನಕ್ಕೆ ಹತ್ತು ಸಲ ದಾಟಿದ್ದೇನೆ, ಅದರ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ. ಕಳೆದ ಜೂನಿನಲ್ಲಿ ಸ್ಕಾಟ್ಲೆಂಡಿನ ಒಂದು ಕಾಡಿನ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಾಗ ಥಟ್ಟನೆ ನೆನಪಾದದ್ದು ಇದೇ ತಡಮ್ಮೆ. ಅಲ್ಲಿ ಜಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ. ಪಕ್ಕದಲ್ಲಿ ಸೈಕಲಿನ ಹ್ಯಾಂಡಲ್ ಹಿಡಿಸುವಷ್ಟು ಜಾಗ. ಕಾರು ಹೊರಗೇ ನಿಲ್ಲಬೇಕು, ನಾವು ಒಳಗೆ ಹೋಗಬಹುದು.

ಆ ಒಂದು ಮೊಳದ ಜಾಗ ನನಗೆ ಯಾಕೆ ಅಷ್ಟು ದೊಡ್ಡದಾಗಿ ಕಂಡಿತು ಅಂತ ಹೇಳಬೇಕು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಹೈಸ್ಕೂಲಿನಲ್ಲಿ ಸೈಕಲ್ ಕಲಿತಿದ್ದೆ, ಆಮೇಲೆ ಬಿಟ್ಟೇ ಹೋಗಿತ್ತು, ನಲವತ್ತು ದಾಟಿದ ಮೇಲೆ ಪುನಃ ಹತ್ತಿದೆ. ಶುರುವಿಗೆ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲೇ ಬೆಳಿಗ್ಗೆ ಬೆಳಿಗ್ಗೆ ಹೋಗುತ್ತಿದ್ದೆ. ಆ ರಸ್ತೆಯ ತಿರುವುಗಳು ಗೊತ್ತಲ್ಲ. ಒಂದು ದಿನ ಒಂದು ಬಸ್ಸು ಎಷ್ಟು ಒತ್ತಿಕೊಂಡು ಹೋಯಿತೆಂದರೆ, ತಾಗಲಿಲ್ಲ, ಆದರೆ ಅದು ಹೋದ ರಭಸಕ್ಕೇ ನಾನು ಚರಂಡಿಗೆ ಇಳಿದೆ. ಮೊಣಕೈ ಜಜ್ಜಿತು. ಗಾಯ ವಾರದಲ್ಲಿ ಮಾಸಿತು, ಹೆದರಿಕೆ ಮಾಸಲಿಲ್ಲ. ಹಿಂದಿನಿಂದ ಹಾರ್ನ್ ಕೇಳಿದರೆ ಈಗಲೂ ಹೆಗಲು ಬಿಗಿಯುತ್ತದೆ. ಇನ್ನು ಹೈವೇ 66 ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಆದ ಮೇಲೆ ಅಲ್ಲಿ ಸೈಕಲ್ ಇಳಿಸುವ ಧೈರ್ಯ ನನಗಿಲ್ಲ, ಮಗಳನ್ನು ಕಳಿಸುವ ಮಾತಂತೂ ದೂರ.

ಅಕ್ಕ, ಭಾವ ಗ್ಲಾಸ್ಗೋದಲ್ಲಿ ಇದ್ದಾರೆ. ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಅಬರ್‌ಫಾಯಿಲ್ ಎಂಬ ಸಣ್ಣ ಊರು. ಅದರ ಸುತ್ತ ಕ್ವೀನ್ ಎಲಿಜಬೆತ್ ಫಾರೆಸ್ಟ್ ಪಾರ್ಕ್. ರಾಣಿಯ ಪಟ್ಟಾಭಿಷೇಕ ಆದ 1953ರಲ್ಲಿ ಇಟ್ಟ ಹೆಸರು. ಗ್ರ್ಯಾವೆಲ್ ಸೈಕಲ್‌ನವರು, ಅಂದರೆ ಜಲ್ಲಿ, ಮಣ್ಣಿನ ದಾರಿಯಲ್ಲಿ ಸೈಕಲ್ ಓಡಿಸುವವರು, ಎಷ್ಟು ಬರುತ್ತಾರೆಂದರೆ ಊರಿನ ಹೆಸರನ್ನೇ ಸೇರಿಸಿ ‘ಗ್ರ್ಯಾವೆಲ್‌ಫಾಯಿಲ್’ ಅಂತ ಕರೆಯುವುದೂ ಇದೆ.

ಕಾಡು ಅಂದರೆ ನಮ್ಮ ಕಾಡಿನ ಹಾಗಲ್ಲ. ಹೆಚ್ಚಿನದೂ ನೆಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಮರದ ಕೊರತೆ ಕಂಡ ಮೇಲೆ 1919ರಲ್ಲಿ ಬ್ರಿಟನ್ನಿನಲ್ಲಿ ಫಾರೆಸ್ಟ್ರಿ ಕಮಿಷನ್ ಶುರುವಾಯಿತು, ಬೋಳು ಗುಡ್ಡಗಳ ಮೇಲೆ ಸಿಟ್ಕಾ ಸ್ಪ್ರೂಸ್ ಎಂಬ ಅಮೆರಿಕದ ಮರವನ್ನು ಸಾಲುಸಾಲಾಗಿ ನೆಟ್ಟರು. ನಮ್ಮಲ್ಲಿ ಅಕೇಶಿಯಾ ನೆಟ್ಟ ಹಾಗೆ ಅಂದುಕೊಳ್ಳಿ. ಆ ಮರ ಸಾಗಿಸುವ ಲಾರಿಗಳಿಗಾಗಿ ಮಾಡಿದ ಜಲ್ಲಿ ರಸ್ತೆಗಳೇ ಈಗ ಸೈಕಲಿನ ದಾರಿ. ಇದರಲ್ಲಿ ಒಂದು ಲಾಭ ಇದೆ. ಲೋಡು ತುಂಬಿದ ಲಾರಿ ಹತ್ತಬೇಕಾದ ರಸ್ತೆ ತುಂಬಾ ಕಡಿದಾಗಿ ಇರುವಂತಿಲ್ಲ, ತಿರುವುಗಳೂ ಅಗಲ. ಹಾಗಾಗಿ ಏರು ಇದ್ದರೂ ಉಸಿರು ಕಟ್ಟುವುದಿಲ್ಲ, ಮಾತಾಡಿಕೊಂಡೇ ಹತ್ತಬಹುದು. ಮರ ಕಡಿಯುವ ಕೆಲಸ ನಡೆಯುವಾಗ ಮಾತ್ರ ಬೋರ್ಡು ಹಾಕಿ ಆ ದಾರಿ ಮುಚ್ಚುತ್ತಾರೆ. ಆಗ ಸುತ್ತು ಹಾಕಿ ಹೋಗಬೇಕು.

ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣೆ ಕಾಯಿದೆ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಕಾಲ್ನಡಿಗೆಯಲ್ಲಿ, ಸೈಕಲಿನಲ್ಲಿ, ಕುದುರೆಯಲ್ಲಿ ಹೆಚ್ಚಿನ ಎಲ್ಲಾ ಜಾಗಕ್ಕೂ ಹೋಗುವ ಹಕ್ಕು ಇದೆ, ಮೋಟಾರು ವಾಹನಕ್ಕೆ ಆ ಹಕ್ಕು ಇಲ್ಲ. ಬೀಗದ ಪಕ್ಕ ಬಿಟ್ಟ ಸಂದಿನ ಅರ್ಥ ಆಗ ಗೊತ್ತಾಯಿತು.

ಭಾವ ಬಾಡಿಗೆಗೆ ಸೈಕಲ್ ಕೊಡಿಸಿದರು. ನಾವು ಸುತ್ತಿದ್ದು ಲಾಕ್ ಆರ್ಡ್ ಎಂಬ ಸರೋವರದ ಪಕ್ಕದ ಕಾಡು. ಮೊದಲ ಅರ್ಧ ಗಂಟೆ ನಾನು ಅಭ್ಯಾಸಬಲದಿಂದ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಚಕ್ರದಡಿ ಜಲ್ಲಿಯ ಚರಚರ ಬಿಟ್ಟರೆ ಬೇರೆ ಸದ್ದಿಲ್ಲ. ಎಂಟನೇ ಕ್ಲಾಸಿನ ಮಗಳು ಮುಂದೆ ಹೋಗಿ ತಿರುವಿನಲ್ಲಿ ಮರೆಯಾದಳು, ನನಗೆ ಎದೆ ಧಸಕ್ ಅನ್ನಲಿಲ್ಲ. ಮಗು ಕಣ್ಣಿಗೆ ಕಾಣದಿದ್ದರೂ ತಾಯಿ ಆರಾಮವಾಗಿ ಇರಬಹುದಾದ ರಸ್ತೆ! ನಾನು ಅಲ್ಲಿಂದ ತಂದದ್ದು ಅದೊಂದೇ ಅನುಭವ ಅಂದರೂ ತಪ್ಪಿಲ್ಲ.

ಅಲ್ಲಿ ಕಂಡ ಇನ್ನೊಂದನ್ನು ಹೇಳದಿದ್ದರೆ ಆಗುವುದಿಲ್ಲ. ಕಾಡಿನ ನಡುವೆ ಅಲ್ಲಲ್ಲಿ ಹಳೆಯ ಕಲ್ಲುಕಟ್ಟಡದ ತುಣುಕುಗಳು, ಸಣ್ಣ ಸೇತುವೆಯಂಥವು ಸಿಗುತ್ತವೆ. ಇದೇನು ಅಂತ ಕೇಳಿದೆ. ಲಾಕ್ ಕ್ಯಾಟ್ರಿನ್ ಎಂಬ ಸರೋವರದಿಂದ ಗ್ಲಾಸ್ಗೋ ನಗರಕ್ಕೆ ಕುಡಿಯುವ ನೀರು ಹೋಗುವ ಕಾಲುವೆಯಂತೆ. ವಿಕ್ಟೋರಿಯಾ ರಾಣಿ 1859ರಲ್ಲಿ ಉದ್ಘಾಟನೆ ಮಾಡಿದ್ದು. ಗುಡ್ಡದೊಳಗೆ ಸುರಂಗ ಕೊರೆದು, ತಗ್ಗಿಗೆ ಸೇತುವೆ ಕಟ್ಟಿ, ಪಂಪಿಲ್ಲದೆ ಬರೀ ಇಳಿಜಾರಿನ ಮೇಲೆ ನೀರು ಹರಿಸಿದ್ದಾರೆ. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ನಾವಿಬ್ಬರೂ ಸುರಂಗದ ನೀರು ಕುಡಿದು ಬೆಳೆದವರು. ಎಣ್ಮಕಜೆ, ಬಾಯಾರು ಕಡೆಯವರಿಗೆ ಹೇಳಬೇಕಾಗಿಲ್ಲ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡೆಗೆ ಅಡ್ಡಲಾಗಿ ಆಳು ಹೊಗುವಷ್ಟು ಅಗೆಯುತ್ತಾ ಹೋಗುತ್ತಾರೆ, ಒಳಗೆ ಒಸರುವ ನೀರು ತಾನಾಗಿ ಹರಿದು ಅಂಗಳದ ಕೆರೆಗೆ ಬರುತ್ತದೆ. ಅಜ್ಜನ ಮನೆಯ ಸುರಂಗದ ಬಾಯಲ್ಲಿ ಏಪ್ರಿಲಿನಲ್ಲೂ ತಣ್ಣಗೆ ಗಾಳಿ ಬರುತ್ತಿತ್ತು. ಅಲ್ಲಿ ಒಂದು ನಗರಕ್ಕೆ, ಇಲ್ಲಿ ಒಂದು ಮನೆಗೆ, ಕೆಲಸ ಅದೇ. ಇಬ್ಬರೂ ಸೈಕಲ್ ಒರಗಿಸಿ ಅಲ್ಲೇ ಸುಮಾರು ಹೊತ್ತು ಕೂತೆವು. ಅಲ್ಲಿ ಮಿಡ್ಜ್ ಎಂಬ ಸಣ್ಣ ನೊಣ ಕಚ್ಚುತ್ತದೆ, ಇಲ್ಲದಿದ್ದರೆ ಇನ್ನೂ ಕೂರುತ್ತಿದ್ದೆವು.

ಊರಿಗೆ ಬಂದ ಮೇಲೆ ಹುಡುಕಾಟ ಶುರು. ನಮ್ಮಲ್ಲಿ ಅಂಥ ದಾರಿ ಎಲ್ಲಿದೆ?

ರಿಸರ್ವ್ ಫಾರೆಸ್ಟ್ ಅಂತೂ ಅಲ್ಲ. 1961ರ ಕೇರಳ ಅರಣ್ಯ ಕಾಯಿದೆ ಇದೆ, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಅದು ಸರಿಯೇ. ಕಾರಡ್ಕ, ಮುಳಿಯಾರು ಕಡೆ ಆನೆ ತೋಟಕ್ಕೆ ಇಳಿಯುತ್ತದೆ, ಚಿರತೆ ಕಂಡವರಿದ್ದಾರೆ. ಅಲ್ಲಿ ಸೈಕಲ್ ಬೇಡ. ಆದರೆ ನಮ್ಮಲ್ಲಿ ಕಾಡಿಲ್ಲದ ಇನ್ನೊಂದು ಖಾಲಿ ಜಾಗ ಇದೆಯಲ್ಲ, ಪದವು! ಮುರಕಲ್ಲಿನ ಚಪ್ಪಟೆ ಗುಡ್ಡೆ. ಊರ ಹೆಸರುಗಳಲ್ಲೇ ಎಷ್ಟು ‘ಪದವು’ ಇವೆ ನೋಡಿ. ಬೈಲಿನಲ್ಲಿ ತೋಟ, ಮನೆ, ಟಾರು ರಸ್ತೆ. ಮೇಲೆ ಹತ್ತಿದರೆ ಕೆಂಪು ಕಲ್ಲು, ಮುಳಿಹುಲ್ಲು, ಆಕಾಶ. ದನ ಮೇಯಿಸಲು ಹೋದವರು, ಸೊಪ್ಪು ತರಲು ಹೋದವರು ಮಾಡಿದ ದಾರಿಗಳು ಈಗಲೂ ಇವೆ, ನಡೆಯುವವರು ಕಡಿಮೆಯಾಗಿದ್ದಾರೆ ಅಷ್ಟೆ.

ಹತ್ತುವುದೇ ಕಷ್ಟ. ಲಾರಿಗೆಂದು ಮಾಡಿದ ದಾರಿ ಅಲ್ಲವಲ್ಲ, ಬೈಲಿನಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ನಾನು ಇಳಿದು ದೂಡಿಕೊಂಡೇ ಹೋಗುತ್ತೇನೆ. ನಮ್ಮ ಮನೆಯಿಂದ ಮೇಲೆ ಹೋಗುವಲ್ಲಿ ಒಂದು ಅಡಿಕೆ ಮರದ ಸಂಕ (ಕಾಲುಸೇತುವೆ), ಆಮೇಲೆ ತಡಮ್ಮೆ. ಸೈಕಲನ್ನು ಹೆಗಲಿಗೆ ಏರಿಸಿ ದಾಟಬೇಕು. ತೋಟದ ಅಜ್ಜ ಮೊದಲ ದಿನ ನೋಡಿ, “ಎಂತ ಮಾರಾಯ್ತಿ, ಸೈಕಲಲ್ಲಿ ನೀನು ಹೋಗುವುದಾ, ನಿನ್ನ ಮೇಲೆ ಸೈಕಲ್ ಹೋಗುವುದಾ?” ಅಂತ ಕೇಳಿದರು. ಅವರ ಜಾಗದ ಮೂಲಕ ಹೋಗಲು ಅನುಮತಿ ಕೇಳಿದೆ. “ಹೋಗು, ಹೋಗು, ಬಿದಿರು ಮಾತ್ರ ಪುನಃ ಇಡು” ಅಂದರು. ಇದನ್ನು ಯಾರೂ ಮರೆಯಬೇಡಿ. ತಡಮ್ಮೆ ತೆಗೆದವರು ಮುಚ್ಚಿಯೇ ಹೋಗಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ, ಮತ್ತೆ ಯಾವ ಸೈಕಲಿನವರನ್ನೂ ಆ ಮನೆಯವರು ಒಳಗೆ ಬಿಡುವುದಿಲ್ಲ.

ಮೇಲೆ ಹೋದರೆ ಬೇರೆಯೇ ಲೋಕ. ಅಕ್ಟೋಬರಿನಿಂದ ಡಿಸೆಂಬರ್ ನನಗೆ ಇಷ್ಟದ ಕಾಲ. ಮಳೆಗಾಲದಲ್ಲಿ ಹೋಗಬಾರದು ಅಂತ ಅಲ್ಲ, ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಬ್ರೇಕ್ ಹಿಡಿದರೆ ಜಾರಿತು ಅಂತಲೇ ಲೆಕ್ಕ. ಮಳೆ ನಿಲ್ಲುವ ಹೊತ್ತಿಗೆ ಕಲ್ಲಿನ ಸಂದುಗಳಲ್ಲಿ ನೀಲಿ ಹೂವಿನ ಯುಟ್ರಿಕುಲೇರಿಯಾ ಹಾಸಿದ ಹಾಗೆ ಅರಳುತ್ತದೆ. ನೀರಿನಲ್ಲಿರುವ ಸಣ್ಣ ಸಣ್ಣ ಹುಳಗಳನ್ನು ಹಿಡಿದು ತಿನ್ನುವ ಗಿಡ ಅದು. ದಾರಿ ಬಿಟ್ಟು ಅದರ ಮೇಲೆ ಚಕ್ರ ಓಡಿಸಬೇಡಿ, ದಯವಿಟ್ಟು. ಫೆಬ್ರವರಿ ಆದ ಮೇಲೆ ಒಂಬತ್ತು ಗಂಟೆಗೇ ಕಲ್ಲು ಕಾಯುತ್ತದೆ, ನೆರಳು ಎಂಬುದಿಲ್ಲ.

ಮುರಕಲ್ಲಿನ ಹರಳು ಜಲ್ಲಿಯ ಹಾಗೆ ಕಚ್ಚಿ ಕೂರುವುದಿಲ್ಲ. ಗುಂಡಗೆ ಇರುವುದರಿಂದ ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಕಾಲಿಟ್ಟ ಹಾಗೆ ಉರುಳುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿ ಹಿಡಿದರೆ ಬಿದ್ದಿರಿ. ತಿರುವಿಗೆ ಮೊದಲೇ ವೇಗ ಇಳಿಸಿ, ಹಿಂದಿನ ಬ್ರೇಕ್ ಜಾಸ್ತಿ, ಮುಂದಿನದು ಸ್ವಲ್ಪ. ಟಯರ್ 40 ಮಿಲಿಮೀಟರ್ ಅಗಲ ಇದ್ದರೆ ಆರಾಮ. ನನ್ನ ತೂಕಕ್ಕೆ ಗಾಳಿಯ ಒತ್ತಡ 35 ಪಿಎಸ್‌ಐ ಸಾಕಾಗುತ್ತದೆ. ಟಾರು ರಸ್ತೆಗೆ ತುಂಬುವ ಹಾಗೆ ಕಲ್ಲಿನ ಹಾಗೆ ತುಂಬಿಸಿಕೊಂಡು ಬಂದರೆ ಹಲ್ಲು ಕಟಕಟ ಅನ್ನುತ್ತದೆ, ಹಿಡಿತವೂ ಇಲ್ಲ. ಇದಕ್ಕೇ ಅಂತ ಲಕ್ಷ ರೂಪಾಯಿ ಕೊಟ್ಟು ಗ್ರ್ಯಾವೆಲ್ ಬೈಕ್ ತೆಗೆದುಕೊಳ್ಳಬೇಕಾಗಿಲ್ಲ. ಮಗಳು ಬರುವುದು ಶಾಲೆಗೆ ಹೋಗುವ ಸೈಕಲಿನಲ್ಲೇ, ಸ್ವಲ್ಪ ಅಗಲದ ಟಯರ್ ಹಾಕಿಸಿದ್ದು ಅಷ್ಟೆ.

ನಿಜವಾದ ಅಪಾಯ ಕೋರೆಗಳು. ಕೆಂಪುಕಲ್ಲು ಯಂತ್ರದಲ್ಲಿ ಕಡಿದು ತೆಗೆದ ಜಾಗ ಗೋಡೆಯ ಹಾಗೆ ನೆಟ್ಟಗೆ ಇಳಿದಿರುತ್ತದೆ, ಬೇಲಿ ಇಲ್ಲ, ಬೋರ್ಡ್ ಇಲ್ಲ, ಹುಲ್ಲು ಬೆಳೆದರೆ ಅಂಚು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಹೊಸ ದಾರಿಯಾದರೆ ಮೊದಲು ಒಮ್ಮೆ ನಡೆದು ನೋಡಿ. ಕತ್ತಲಲ್ಲಂತೂ ಬೇಡವೇ ಬೇಡ. ಕೋರೆ ನಡೆಯುವ ಕಡೆ ಲಾರಿಯೂ ಓಡುತ್ತದೆ, ಭಾನುವಾರ ಒಂದೇ ಶಾಂತ.

ದೂರದಿಂದ ಬರುವವರಿಗೆ ಕುಂಬಳೆ ಹತ್ತಿರದ ಅನಂತಪುರ ಒಳ್ಳೆಯದು. ಸರೋವರದ ದೇವಸ್ಥಾನ, 2022ರಲ್ಲಿ ತೀರಿಹೋದ ಮೊಸಳೆ ಬಬಿಯಾ ಇದ್ದ ಜಾಗ, ಸುತ್ತ ವಿಶಾಲ ಪದವು. ಧರ್ಮತ್ತಡ್ಕದಿಂದ ಪೊಸಡಿ ಗುಂಪೆಯ ಕಡೆಗೂ ಹೋಗಬಹುದು, ಮೇಲಿನಿಂದ ಸಮುದ್ರ ಕಾಣುತ್ತದೆ, ಆದರೆ ತುದಿಗೆ ಸೈಕಲ್ ಬಿಟ್ಟು ನಡೆಯಿರಿ.

ಇನ್ನೊಂದು ದಾರಿ ನಮ್ಮ ಪಕ್ಕದ ಸರಕಾರಿ ಗೇರು ತೋಟದ್ದು. ಕೆಂಪು ಮಣ್ಣಿನ ಅಗಲ ರಸ್ತೆ, ಎರಡೂ ಕಡೆ ಗೇರುಮರದ ನೆರಳು. ನೋಡಿದರೆ ಸೈಕಲಿಗೇ ಮಾಡಿದ್ದು ಅನ್ನಿಸುತ್ತದೆ. ಇಲ್ಲಿ ಹೋಗಲು ಅನುಮತಿ ಬೇಕು, ನನಗೆ ಒಮ್ಮೆ ಸಿಕ್ಕಿತ್ತು, ಹೋಗಿದ್ದೆ. ಮೇಲಿನಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಇಂಥ ತೋಟಗಳಿಗೇ, 2000ನೇ ಇಸವಿಯವರೆಗೂ. ಪಡ್ರೆಯ ಸುರಂಗಗಳು, ತೋಡುಗಳು ಎಲ್ಲಾ ಇದರ ಕೆಳಗೇ ಇವೆ. ನನ್ನ ಜೊತೆ ಶಾಲೆಗೆ ಬರಬೇಕಾಗಿದ್ದ, ಬರಲಾಗದೆ ಮನೆಯಲ್ಲೇ ಉಳಿದ ಮಕ್ಕಳನ್ನು ನಾನು ನೋಡಿದ್ದೇನೆ. ಆ ನೆರಳಿನಲ್ಲಿ ಹೋಗುವಾಗ ವೇಗ ತಾನಾಗಿ ಕಡಿಮೆಯಾಯಿತು. ಪುನಃ ಹೋಗಬೇಕು ಅನ್ನಿಸಿಲ್ಲ, ಹೋಗುವವರನ್ನು ಬೇಡ ಅನ್ನುವುದೂ ಇಲ್ಲ.

ಪದವಿನ ದಾರಿಗಳ ವಿಷಯದಲ್ಲಿ ನನಗೆ ಆತಂಕ ಇದೆ. ಕೋರೆ ಒಂದು ಕಡೆ, ಪೈವಳಿಕೆಯ ಸೋಲಾರ್ ಪಾರ್ಕಿನಂಥ ಯೋಜನೆಗಳ ಬೇಲಿ ಇನ್ನೊಂದು ಕಡೆ. ಕರೆಂಟೂ ಬೇಕು, ಕಲ್ಲೂ ಬೇಕು, ನನ್ನ ಮನೆಯ ಗೋಡೆಯೂ ಮುರಕಲ್ಲಿನದೇ. ಗುಡ್ಡೆ ಹತ್ತಿ ಇಳಿಯುವವರ ಮನೆಗೆ ಟಾರು ರಸ್ತೆ ಬರಬೇಡ ಅನ್ನಲು ನಾನು ಯಾರು? ನಾನು ಕೇಳುವುದು ಇಷ್ಟೆ, ಬೇಲಿ ಹಾಕುವಾಗ ಹಳೆಯ ಕಾಲುದಾರಿ ಇದ್ದಲ್ಲಿ ಒಂದು ತಡಮ್ಮೆ ಇಡಿ. ಲಾರಿ ಹೋಗದಿರಲಿ, ಬೈಕ್ ಹೋಗದಿರಲಿ. ನಡೆಯುವವರು, ಸೈಕಲಿನವರು, ಸೊಪ್ಪಿಗೆ ಹೋಗುವ ಅಜ್ಜಿ ಹೋಗಲಿ. ನಮ್ಮ ಪಂಚಾಯತಿನ ಗ್ರಾಮಸಭೆಯಲ್ಲಿ ಇದನ್ನು ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲೂ ಕೇಳುತ್ತೇನೆ.

ಈ ಭಾನುವಾರ ನೆರೆಮನೆಯ ಅತ್ತಿಗೆ ಬರುತ್ತಾರಂತೆ. ಅವರಿಗೆ ಐವತ್ತೆರಡು, ಮದುವೆಯಾದ ಮೇಲೆ ಸೈಕಲ್ ಮುಟ್ಟಿಲ್ಲ. “ಅಲ್ಲಿ ಯಾರೂ ಇರುವುದಿಲ್ಲ ಅಲ್ವಾ?” ಅಂತ ಎರಡು ಸಲ ಕೇಳಿದರು. ಯಾರೂ ಇರುವುದಿಲ್ಲ ಅತ್ತಿಗೆ, ದನ ಇರುತ್ತದೆ ಅಂದೆ. ಆರು ಗಂಟೆಗೆ ಸಂಕದ ಹತ್ತಿರ, ಎರಡೆರಡು ಬಾಟಲಿ ನೀರು, ಒಂದು ಡಬ್ಬಿ ಅವಲಕ್ಕಿ. ಅವರ ಸೈಕಲನ್ನು ತಡಮ್ಮೆ ದಾಟಿಸುವುದು ನನ್ನ ಕೆಲಸ.