ರಾಮೇಶ್ವರ: ನಲ್ಲಿಯಲ್ಲಿ ಉಪ್ಪು, ಬಾವಿಯಲ್ಲಿ ಸಿಹಿ

ರೂಮಿಗೆ ಫೋನಿನಲ್ಲಿ ಹೇಳಿದ್ದು 1,600 ರೂಪಾಯಿ. ರಾತ್ರಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಾಗ ಕೇಳಿದ್ದು 3,800. "ನಾಳೆ ಅಮಾವಾಸ್ಯೆ ಅಲ್ವಾ ಸಾರ್" ಅಂದರು. ಅಮ್ಮನಿಗೆ 68 ವರ್ಷ, ಬಸ್ಸಿನಲ್ಲಿ ಕೂತು ಕಾಲು ಊದಿತ್ತು. ಬೇರೆ ದಾರಿ ಇರಲಿಲ್ಲ, ಕೊಟ್ಟೆ. ಕಿಟಕಿಯಿಂದ ಸಮುದ್ರ ಕಾಣಿಸುತ್ತಿತ್ತು, ನಿಜ. ಆದರೆ ನಲ್ಲಿ ತಿರುಗಿಸಿದರೆ ಬಂದದ್ದೂ ಸಮುದ್ರವೇ. ಸೋಪು ನೊರೆ ಬರಲಿಲ್ಲ. ಬಾಯಿ ಮುಕ್ಕಳಿಸಿದ ಅಮ್ಮ ಅಲ್ಲೇ ಉಗಿದರು.

ಹಾಗಾಗಿ ಮೊದಲ ಮಾತು: ಟಿಕೆಟ್ ಮಾಡಿಸುವ ಮುಂಚೆ ಪಂಚಾಂಗ ನೋಡಿ. ತಮಿಳರ ತೈ ಅಮಾವಾಸ್ಯೆ ನಮ್ಮ ಪುಷ್ಯ ಅಮಾವಾಸ್ಯೆ. ಅವರ ಆಡಿ ಅಮಾವಾಸ್ಯೆ ಬರುವುದು ನಮ್ಮ ಭೀಮನ ಅಮಾವಾಸ್ಯೆಯ ದಿನ. ಮಹಾಲಯ ಅಂತೂ ಗೊತ್ತೇ ಇದೆ. ಈ ಮೂರು ದಿನಗಳಲ್ಲಿ ಹಿರಿಯರಿಗೆ ತರ್ಪಣ ಬಿಡಲು ಇಡೀ ತಮಿಳುನಾಡೇ ಇಲ್ಲಿನ ಕಡಲ ಸ್ನಾನದ ಜಾಗವಾದ ಅಗ್ನಿತೀರ್ಥದ ದಡಕ್ಕೆ ಬರುತ್ತದೆ. ನನಗೆ ಜನಜಂಗುಳಿ ಆಗುವುದಿಲ್ಲ. ನಿಮಗೂ ಆಗದಿದ್ದರೆ ಆ ವಾರ ಪೂರ್ತಿ ಬಿಟ್ಟುಬಿಡಿ. ರೂಮಿನ ದರವನ್ನು ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಲ್ಲಿ ನೀರು ಸಿಹಿಯೋ ಉಪ್ಪೋ ಅಂತಲೂ ಕೇಳಿ.

ಮಾರನೇ ದಿನ ದೇವಸ್ಥಾನದೊಳಗೆ ನನಗೆ ಆಶ್ಚರ್ಯ ಕಾದಿತ್ತು. ಅಗ್ನಿತೀರ್ಥ ಅಂದರೆ ಸಮುದ್ರವೇ. ಅಲ್ಲಿ ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಒಳಗಿನ 22 ತೀರ್ಥಗಳಿಗೆ (ಬಹುತೇಕ ಬಾವಿಗಳೇ) ಹೋಗಬೇಕು. ಒಂದೊಂದು ಕಡೆಯೂ ಬಕೆಟ್ಟಿನಲ್ಲಿ ನೀರು ಸೇದಿ ತಲೆಯ ಮೇಲೆ ಸುರಿಯುತ್ತಾರೆ. ಸಮುದ್ರ ಅಲ್ಲೇ ಕೂಗಳತೆಯಲ್ಲಿದೆ. ಆದರೂ ನನ್ನ ತುಟಿಗೆ ತಾಗಿದ ನೀರಲ್ಲಿ ಕಡಲಿನ ಉಪ್ಪು ಇರಲಿಲ್ಲ. ರೂಮಿನ ನಲ್ಲಿಗಿಂತ ಎಷ್ಟೋ ಸಿಹಿ.

ಇದರ ಕಾರಣ ದ್ವೀಪದ ನೆಲದಲ್ಲೇ ಇದೆ. ರಾಮೇಶ್ವರ ಇರುವ ಪಾಂಬನ್ ದ್ವೀಪದಲ್ಲಿ ಒಂದು ನದಿಯೂ ಇಲ್ಲ, ಬಹುಪಾಲು ಮರಳು. ಮಳೆನೀರು ಮರಳಿಗೆ ಇಳಿದು, ಕೆಳಗಿರುವ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿ ನಿಲ್ಲುತ್ತದೆ. ಹೆಚ್ಚು ಆಳಕ್ಕೆ ಹೋಗದ ಬಾವಿಗೆ ಸಿಹಿನೀರು ಸಿಗುತ್ತದೆ. ಆಳಕ್ಕೆ ಬೋರ್ ಕೊರೆದು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇದು ಗೊತ್ತಾದ ಮೇಲೆ ಆ ಬಾವಿಗಳ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು.

ವಯಸ್ಸಾದವರಿದ್ದರೆ ಎಚ್ಚರ. ಕಲ್ಲಿನ ನೆಲ ಜಾರುತ್ತದೆ, ಕೈ ಹಿಡಿದೇ ನಡೆಸಿ. ಸ್ನಾನಕ್ಕೆ ದೇವಸ್ಥಾನದ ಟಿಕೆಟ್ ಇದೆ. ಬೇಗ ಮುಗಿಸಿಕೊಡುತ್ತೇವೆ ಅಂತ ಹೊರಗೆ ಹಿಂದೆ ಬೀಳುವವರಿಗೆ ದುಡ್ಡು ಕೊಡಬೇಡಿ. ಒಣ ಬಟ್ಟೆ ಜೊತೆಗಿರಲಿ, ಒದ್ದೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲ.

ಸ್ನಾನ ಮುಗಿಯುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಪಶ್ಚಿಮ ರಥಬೀದಿಯಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿ ಅಜ್ಜಿಯೊಬ್ಬರು ಮನೆಯ ಜಗಲಿಯಲ್ಲೇ ಇಡ್ಲಿ ಹಾಕುತ್ತಾರೆ. ಬೋರ್ಡ್ ಇಲ್ಲ, ಎರಡೇ ಬೆಂಚು. ಇಡ್ಲಿ ಬಟ್ಟೆಯಿಂದ ಬಿಡಿಸಿ ನೇರ ಎಲೆಗೆ ಬೀಳುತ್ತದೆ, ಬಟ್ಟೆಯ ಗೆರೆ ಇನ್ನೂ ಮೇಲಿರುತ್ತದೆ. ಚಟ್ನಿ ಮೂರು ಥರ. ಅದರಲ್ಲಿ ಸಣ್ಣ ಈರುಳ್ಳಿ, ಒಣಮೆಣಸಿನಕಾಯಿ ರುಬ್ಬಿದ ಕೆಂಪು ಚಟ್ನಿಗೆ ನಲ್ಲೆಣ್ಣೆ, ಅಂದರೆ ಎಳ್ಳೆಣ್ಣೆ, ಸುರಿದು ಕೊಟ್ಟರು. ಪೊಂಗಲ್‌ನಲ್ಲಿ ಮೆಣಸು ಹಲ್ಲಿಗೆ ಸಿಗುತ್ತಿತ್ತು. ಅಮ್ಮ ಊರಲ್ಲಿ ಎರಡೇ ಇಡ್ಲಿ ತಿನ್ನುವವರು, ಅಲ್ಲಿ ಐದು ತಿಂದರು. "ಇನ್ನೊಂದು ಹಾಕ್ಲಾಮ್ಮಾ" ಅಂತ ಅಜ್ಜಿ ತಮಿಳಲ್ಲಿ ಕೇಳಿದರೆ ಅಮ್ಮ ಕನ್ನಡದಲ್ಲಿ ಹೂಂ ಅನ್ನುತ್ತಿದ್ದರು. ಇಬ್ಬರಿಗೂ ಸೇರಿ 110 ರೂಪಾಯಿ. ಇದ್ದಷ್ಟು ದಿನ ಬೆಳಗ್ಗೆ ಅಲ್ಲಿಗೇ ಹೋದೆವು. ಒಂಬತ್ತೂವರೆ ಒಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ.

ದ್ವೀಪದ ತುದಿಯ ಧನುಷ್ಕೋಡಿಯನ್ನು ಮಾತ್ರ ಬಿಡಬೇಡಿ. ಊರಿಂದ ಸುಮಾರು 20 ಕಿಲೋಮೀಟರ್, ಬಸ್ಸಿದೆ. ಬೆಳಗ್ಗೆ ಬೇಗ ಹೋಗಿ, ಕತ್ತಲಾಗುವ ಮುಂಚೆ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ. ಕೊನೆಯ ಭಾಗದಲ್ಲಿ ರಸ್ತೆಯ ಎಡಕ್ಕೆ ಪಾಕ್ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ, ನಡುವೆ ಮರಳಿನ ಪಟ್ಟಿ ಅಷ್ಟೇ. ಒಂದು ಕಾಲಕ್ಕೆ ಮದ್ರಾಸಿನಿಂದ ಬಂದವರು ಇಲ್ಲಿ ರೈಲು ಇಳಿದು, ಹಡಗು ಹತ್ತಿ ಶ್ರೀಲಂಕಾದ ತಲೈಮನ್ನಾರಿಗೆ ಹೋಗುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಜನರ ಸಮೇತ ಕಡಲ ಪಾಲಾಯಿತು, ಊರೂ ಹೋಯಿತು. ಚರ್ಚಿನ ಗೋಡೆಗಳು ಇನ್ನೂ ನಿಂತಿವೆ. ದಯವಿಟ್ಟು ಅವುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ.

ಅಲ್ಲಿ ಮೀನುಗಾರರ ಗುಡಿಸಲ ಪಕ್ಕ ಮರಳಲ್ಲಿ ತೋಡಿದ ಗುಂಡಿ ಕಂಡಿತು. ಒಬ್ಬ ಅಕ್ಕ ಅದರಿಂದ ಚೊಂಬಿನಲ್ಲಿ ನೀರು ಮೊಗೆದು ಕೊಟ್ಟರು. ಎರಡೂ ಕಡೆ ಕಡಲು, ಕೈಯಲ್ಲಿ ಸಿಹಿನೀರು. ಅಮ್ಮ ಪೂರ್ತಿ ಕುಡಿದರು.

ವಾಪಸ್ ಬರುವಾಗ ಬಸ್ಸು ಬಿಟ್ಟು ಮಧುರೈ ರೈಲು ಹಿಡಿದೆವು. ನೀವೂ ಹಾಗೇ ಮಾಡಿ. ರೈಲು ಕಡಲು ದಾಟಲು 1914ರ ಹಳೇ ಪಾಂಬನ್ ಸೇತುವೆಯ ಪಕ್ಕದಲ್ಲೇ ಹೊಸದು 2025ರ ಏಪ್ರಿಲ್‌ನಲ್ಲಿ ಶುರುವಾಗಿದೆ. ಹಡಗು ಬಂದರೆ ನಡುವಿನ ಭಾಗ ಲಿಫ್ಟಿನ ಹಾಗೆ ನೆಟ್ಟಗೆ ಮೇಲೇಳುತ್ತದೆ. ಕಿಟಕಿ ಪಕ್ಕದ ಸೀಟು ಬೇಕಾದರೆ ಅರ್ಧ ಗಂಟೆ ಮುಂಚೆಯೇ ಸ್ಟೇಷನ್ನಿನಲ್ಲಿರಿ.