ಪಾಂಪೇಗೆ ಹೋದರೆ ಗೋಡೆಗಳನ್ನೂ ನೋಡಿ

ರೋಮನ್ನರ ರಾಜಕೀಯ ನೋಡಬೇಕು ಅಂತ ಇಟಲಿಗೆ ಹೋಗುವವರು ಸಾಮಾನ್ಯವಾಗಿ ರೋಮ್‌ನಲ್ಲೇ ಉಳಿದುಬಿಡುತ್ತಾರೆ. ಫೋರಂ ಅನ್ನೋ ಊರಿನ ಮುಖ್ಯ ಚೌಕ, ಸೆನೆಟ್ ಸೇರುತ್ತಿದ್ದ ಕ್ಯೂರಿಯಾ, ಎಲ್ಲ ನೋಡಿ, ಬೇಡ ಅನ್ನಲ್ಲ. ಆದರೆ ಅಲ್ಲೆಲ್ಲ ಚಕ್ರವರ್ತಿಗಳದ್ದೇ ದರ್ಬಾರು. ಓಟು ಕೇಳಿದವರು, ಓಟು ಹಾಕಿದವರು ಸಿಗಬೇಕಾದರೆ ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ನರ ಊರು ಪಾಂಪೇಗೇ ಹೋಗಬೇಕು.

ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅಲ್ಲಿ ಸ್ಟೇಷನ್ ಕೆಳಗಡೆಯೇ ಚಿರ್ಕುಮ್‌ವೆಸುವಿಯಾನಾ ಅನ್ನೋ ಲೋಕಲ್ ರೈಲು ಸಿಗುತ್ತದೆ. ಸೊರೆಂಟೊ ಕಡೆ ಹೋಗುವುದನ್ನು ಹತ್ತಿ, ‘ಪೊಂಪೇಯಿ ಸ್ಕಾವಿ’ಯಲ್ಲಿ ಇಳಿಯಿರಿ. ಪೊಂಪೇಯಿ ಹೆಸರಿನ ಬೇರೆ ಸ್ಟೇಷನ್‌ಗಳೂ ಇವೆ, ನೋಡಿಕೊಳ್ಳಿ. ರೈಲು ತುಂಬಿ ತುಳುಕುತ್ತಿರುತ್ತದೆ, ಜೇಬಿನ ಮೇಲೆ ಕೈ ಇರಲಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರೂ ಇರುತ್ತದೆ. ಹಾಗಾಗಿ ಮೊದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ.

ಎರಡು ಗಂಟೆಯ ಗುಂಪು ಟೂರ್ ಮಾತ್ರ ಬೇಡ. ಫೋರಂ, ಸ್ನಾನಗೃಹ, ವೇಶ್ಯಾಗೃಹ ತೋರಿಸಿ ಹೊರಗೆ ಕಳಿಸುತ್ತಾರೆ. ನೀವು ವಿಯಾ ದೆಲ್ಲಬ್ಬೊಂದಾಂಜಾ ಅನ್ನೋ ಉದ್ದನೆಯ ಬೀದಿ ಹಿಡಿದು ಪೂರ್ವಕ್ಕೆ ನಿಧಾನವಾಗಿ ನಡೆಯಿರಿ. ಕೆಲವು ಕಡೆ ಗಾಜಿನ ಹಿಂದೆ ಕೆಂಪು ಅಕ್ಷರಗಳು ಕಾಣುತ್ತವೆ. ಅವು ಚುನಾವಣಾ ಬರಹಗಳು! ಊರಿನಲ್ಲಿ ಇಂಥವು ಎರಡು ಸಾವಿರಕ್ಕೂ ಜಾಸ್ತಿ ಸಿಕ್ಕಿವೆ. ಬಹಳಷ್ಟು ಮಾಸಿಹೋಗಿವೆ, ಉಳಿದದ್ದನ್ನು ಹುಡುಕುವುದೇ ಒಂದು ಮಜಾ. ಪ್ರತಿ ವರ್ಷ ಇಬ್ಬರು ದುವುಮ್ವಿರ್‌ಗಳು, ಅಂದರೆ ಊರಿನ ಮುಖ್ಯಸ್ಥರು, ಮತ್ತೆ ರಸ್ತೆ, ಮಾರುಕಟ್ಟೆ ನೋಡಿಕೊಳ್ಳುವ ಇಬ್ಬರು ಈಡೈಲ್‌ಗಳು ಆಯ್ಕೆಯಾಗುತ್ತಿದ್ದರು. ನಮ್ಮಲ್ಲಿ ಕಾಂಪೌಂಡ್ ಗೋಡೆ ಮೇಲೆ ‘ಮತ ನೀಡಿ’ ಅಂತ ಬರೆಯುತ್ತಿದ್ದ ಹಾಗೇ, ಸುಣ್ಣ ಬಳಿದು ಇಂಥವರನ್ನು ಆರಿಸಿ ಅಂತ ಬರೆಸುತ್ತಿದ್ದರು. ಬರೆಯುವವರು ರಾತ್ರಿ ಹೊತ್ತು ಲಾಟೀನು ಹಿಡಿಯುವವನನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಂದು ಬರಹದಲ್ಲಿ ಅವನಿಗೆ ‘ಏಣಿ ಹಿಡ್ಕೋ’ ಅಂತ ಹೇಳಿದ್ದೂ ಇದೆ.

ಓಟು ಗಂಡಸರಿಗೆ ಮಾತ್ರ, ಅದೂ ಸ್ವತಂತ್ರ ಪ್ರಜೆಗಳಿಗೆ. ಆದರೂ ಅಸೆಲ್ಲಿನಾ ಅನ್ನುವವಳ ಹೋಟೆಲಿನ ಗೋಡೆ ಮೇಲೆ ಹೆಂಗಸರ ಹೆಸರಿನಲ್ಲೇ ಬೆಂಬಲ ಬರೆದಿತ್ತು. ವಾಟಿಯಾ ಅನ್ನುವ ಅಭ್ಯರ್ಥಿಗಂತೂ ತಡರಾತ್ರಿವರೆಗೆ ಕುಡಿಯುವವರು, ಚಿಲ್ಲರೆ ಕಳ್ಳರು ಎಲ್ಲ ಬೆಂಬಲ ಕೊಟ್ಟ ಹಾಗೆ ಬರೆದಿದ್ದಾರೆ. ಆಗದವರ ಕಿತಾಪತಿ ಇರಬೇಕು, ಅಲ್ವಾ?

ಅದೇ ಬೀದಿಯಲ್ಲಿ ವೆಟುಟಿಯಸ್ ಪ್ಲಾಸಿಡಸ್‌ನ ಹೋಟೆಲೂ ಇದೆ. ಕಟ್ಟೆಯಲ್ಲಿ ಹೂತಿಟ್ಟ ಮಡಕೆಗಳು, ಹಿಂದೆ ಮನೆದೇವರ ಚಿತ್ರ. ಒಂದು ಮಡಕೆಯಲ್ಲಿ ಸಾವಿರಕ್ಕೂ ಜಾಸ್ತಿ ನಾಣ್ಯ ಸಿಕ್ಕಿತ್ತು.

ಈಜಿಪ್ಟಿನ ದೇವತೆ ಐಸಿಸ್‌ಳ ದೇವಸ್ಥಾನವನ್ನು ಜನ ದಾಟಿಕೊಂಡು ಹೋಗಿಬಿಡುತ್ತಾರೆ, ನೀವು ನಿಲ್ಲಿ. ಕ್ರಿ.ಶ. 62ರ ಭೂಕಂಪದಲ್ಲಿ ಬಿದ್ದಿದ್ದನ್ನು ಆರು ವರ್ಷದ ಹುಡುಗ ಸೆಲ್ಸಿನಸ್ ಸ್ವಂತ ಖರ್ಚಿನಲ್ಲಿ ಕಟ್ಟಿಸಿದ, ಅದಕ್ಕೇ ಅವನನ್ನು ಊರಿನ ಸಭೆಗೆ ಸೇರಿಸಿಕೊಂಡರು ಅಂತ ಬಾಗಿಲ ಮೇಲಿನ ಶಾಸನ ಹೇಳುತ್ತದೆ. ಅಪ್ಪ ಬಿಡುಗಡೆಯಾದ ಗುಲಾಮ. ದುಡ್ಡಿದ್ದರೂ ಅವನು ಅಧಿಕಾರಕ್ಕೆ ಬರುವ ಹಾಗಿರಲಿಲ್ಲ, ಮಗನಿಗಾದರೂ ಸಿಗಲಿ ಅಂತ ಅವನ ಹೆಸರಲ್ಲಿ ಖರ್ಚು ಮಾಡಿದ. ಅಧಿಕಾರ ಹೇಗೆ ಕೈ ಬದಲಾಯಿಸುತ್ತಿತ್ತು ಅನ್ನೋದಕ್ಕೆ ಇಷ್ಟು ನೇರ ಸಾಕ್ಷಿ ನನಗೆ ರೋಮ್‌ನಲ್ಲೂ ಸಿಗಲಿಲ್ಲ.

ಆ ಉದ್ದನೆಯ ಬೀದಿಯ ಕೊನೆಗೆ ಆಂಫಿಥಿಯೇಟರ್, ಅಂದರೆ ಗ್ಲಾಡಿಯೇಟರ್‌ಗಳ ಕಾಳಗದ ಬಯಲು ರಂಗ. ಕ್ರಿ.ಶ. 59ರಲ್ಲಿ ಇಲ್ಲಿ ಆಟ ನೋಡಲು ಬಂದ ಪಕ್ಕದ ನುಸೇರಿಯಾದವರಿಗೂ ಊರವರಿಗೂ ಹೊಡೆದಾಟವಾಗಿ ಜನ ಸತ್ತರು, ಸೆನೆಟ್ ಹತ್ತು ವರ್ಷ ಆಟ ನಿಲ್ಲಿಸಿತು. ಆ ಗಲಾಟೆಯ ಚಿತ್ರ ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಸುಟ್ಟು ಕರಕಲಾದ ಬ್ರೆಡ್, ಐಸಿಸ್ ಗುಡಿಯ ಚಿತ್ರಗಳು, ಭಾರತದಿಂದ ಹೋದ ದಂತದ ಹೆಣ್ಣು ವಿಗ್ರಹ ಕೂಡ ಅಲ್ಲೇ ಇವೆ. ಮ್ಯೂಸಿಯಂಗೆ ಮಂಗಳವಾರ ರಜೆ. ಪಾಂಪೇ ನೋಡಿದ ಮರುದಿನ ಹೋಗಿ, ಯಾವುದು ಎಲ್ಲಿತ್ತು ಅಂತ ಆಗ ಗೊತ್ತಾಗುತ್ತದೆ.

ಕಲ್ಲು ಹಾಸು ಏರುಪೇರು, ಗಟ್ಟಿ ಶೂ ಬೇಕು. ಬೇಸಿಗೆಯಲ್ಲಿ ನೆರಳು ಕಡಿಮೆ, ಖಾಲಿ ಬಾಟಲ್ ಒಯ್ದರೆ ಒಳಗೇ ನಲ್ಲಿಗಳಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳಬಹುದು. ದೊಡ್ಡ ಬ್ಯಾಗು ಒಳಗೆ ಬಿಡಲ್ಲ. ಅದೇ ದಿನ ವೆಸುವಿಯಸ್ ಕೂಡ ಹತ್ತಿಬಿಡೋಣ ಅಂತ ಮಾತ್ರ ಹೊರಡಬೇಡಿ.